ಹಟ್ಟಿಯ ಹಿಂದಿನ ಗ್ಯಾಸ್ ಗುಂಡಿ ಏಕೆ ಬರಿದಾಯಿತು?

ತರಗತಿಯಲ್ಲಿ ಇಂಧನಗಳ ಪಾಠ ನಡೆಯುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಮಾಸ್ಟ್ರೇ, ಮೀಥೇನ್ ಒಳ್ಳೆಯದಾ, ಕೆಟ್ಟದ್ದಾ?" ಎಂದು ಕೇಳಿದಳು. ಅವಳ ತಪ್ಪಲ್ಲ. ಒಂದು ಪಾಠದಲ್ಲಿ ಮೀಥೇನ್ ಅಡುಗೆಯ ಇಂಧನ, ಇನ್ನೊಂದು ಪಾಠದಲ್ಲಿ ಅದೇ ಮೀಥೇನ್ ಭೂಮಿಯನ್ನು ಬಿಸಿ ಮಾಡುವ ಅನಿಲ. ಉರಿಸಿದರೆ ಒಳ್ಳೆಯದು, ಹಾಗೆಯೇ ಬಿಟ್ಟರೆ ಕೆಟ್ಟದ್ದು ಎಂದು ಉತ್ತರ ಹೇಳಿದೆ. ಆಮೇಲೆ ನಾನೂ ಒಂದು ಪ್ರಶ್ನೆ ಕೇಳಿದೆ. "ಎಷ್ಟು ಮಂದಿಯ ಮನೆಯಲ್ಲಿ ಗೋಬರ್ ಗ್ಯಾಸ್ ಉಂಟು?" ಹನ್ನೊಂದು ಕೈಗಳು ಮೇಲೆದ್ದವು. "ಈಗಲೂ ಉರಿಯುವುದು ಎಷ್ಟು ಮನೆಯಲ್ಲಿ?" ಎಂದಾಗ ಎಂಟು ಕೈಗಳು ಕೆಳಗಿಳಿದವು.

ಆ ಎಂಟು ಕೈಗಳು ಅಂದಿನಿಂದ ನನ್ನ ಮನಸ್ಸನ್ನು ಕೊರೆಯುತ್ತಿವೆ. ನಮ್ಮ ಭಾಗದ ಅಡಿಕೆ ತೋಟದ ಮನೆಗಳಲ್ಲಿ ಹಟ್ಟಿಯ ಹಿಂದೆ ಒಂದು ಗ್ಯಾಸ್ ಗುಂಡಿ ಇರುವುದು ಒಂದು ಕಾಲದಲ್ಲಿ ಅನುಕೂಲಸ್ಥಿತಿಯ ಲಕ್ಷಣವಾಗಿತ್ತು. ಮದುವೆಗೆ ಹೆಣ್ಣು ನೋಡಲು ಹೋದವರು ಸಹ ಅಡುಗೆ ಮನೆಯಲ್ಲಿ ನೀಲಿ ಉರಿ ಉಂಟೋ ಎಂದು ನೋಡುತ್ತಿದ್ದರಂತೆ. ಈಗ ಆ ಗುಂಡಿಗಳಲ್ಲಿ ಹಲವದರ ಮೇಲೆ ಕಬ್ಬಿಣದ ಡ್ರಮ್ಮು ತುಕ್ಕು ಹಿಡಿದು ಓರೆಯಾಗಿ ನಿಂತಿದೆ. ಇನ್ನು ಕೆಲವು ಕಡೆ ಗುಮ್ಮಟದ ಮೇಲೆ ಪೊದೆ ಬೆಳೆದು, ಅಲ್ಲೊಂದು ಗುಂಡಿ ಇದೆಯೆಂಬುದೇ ಮನೆಯ ಮಕ್ಕಳಿಗೆ ತಿಳಿಯದು. ಅದೇ ಮನೆಯ ಅಂಗಳದ ಅಂಚಿನಲ್ಲಿ ಸಿಲಿಂಡರು ಬರುವುದನ್ನು ಕಾಯುತ್ತಾರೆ. ಅದೇ ಮನೆಯ ಮುಸುರೆ ತೋಡಿಗೆ ಹೋಗುತ್ತದೆ. ಅದೇ ಮನೆಯ ತೋಟಕ್ಕೆ ಗೊಬ್ಬರ ಲಾರಿಯಲ್ಲಿ ಬರುತ್ತದೆ. ಈ ಮೂರನ್ನು ಒಟ್ಟಿಗೆ ಇಟ್ಟು ಯೋಚಿಸುವವರು ಕಡಿಮೆ.

ಮೀಥೇನ್ ಹೊಸ ಸಂಗತಿಯಲ್ಲ. ಇಟೆಲಿಯ ಅಲೆಸಾಂಡ್ರೊ ವೋಲ್ಟ 1776ರಲ್ಲಿ ಸರೋವರದ ಅಂಚಿನ ಕೆಸರನ್ನು ಕೋಲಿನಿಂದ ಕೆದಕಿ, ಮೇಲೆದ್ದ ಗುಳ್ಳೆಗಳನ್ನು ಹಿಡಿದು, ಅದು ಉರಿಯುವ ಗಾಳಿಯೆಂದು ಗುರುತಿಸಿದ. ನಮ್ಮ ದೇಶದಲ್ಲಿ 1897ರಷ್ಟು ಹಿಂದೆಯೇ ಮುಂಬಯಿಯ ಮಾಟುಂಗದ ಕುಷ್ಠಾಶ್ರಮದಲ್ಲಿ ಮಲಿನ ಪದಾರ್ಥದಿಂದ ಅನಿಲ ತೆಗೆದು ಉಪಯೋಗಿಸಿದ್ದರು. 1939ರ ಸುಮಾರಿಗೆ ದೆಹಲಿಯ ಭಾರತೀಯ ಕೃಷಿ ಸಂಶೋಧನ ಸಂಸ್ಥೆಯಲ್ಲಿ ಎಸ್.ವಿ. ದೇಸಾಯಿಯವರು ಸೆಗಣಿಯ ಮೇಲೆ ಪ್ರಯೋಗ ನಡೆಸಿದರು. ತೇಲುವ ಡ್ರಮ್ಮಿನ ಮಾದರಿಯನ್ನು ಜಶಭಾಯಿ ಪಟೇಲರು 1950ರ ದಶಕದಲ್ಲಿ ರೂಪಿಸಿ ಅದಕ್ಕೆ 'ಗ್ರಾಮಲಕ್ಷ್ಮಿ' ಎಂದು ಹೆಸರಿಟ್ಟರು. ಖಾದಿ ಗ್ರಾಮೋದ್ಯೋಗ ಆಯೋಗವು 1960ರ ದಶಕದಲ್ಲಿ ಅದನ್ನು ಹಳ್ಳಿಹಳ್ಳಿಗೆ ಒಯ್ದಿತು. 1973ರಲ್ಲಿ ಎಣ್ಣೆಯ ಬೆಲೆ ಏರಿದ ಮೇಲೆ ಸರಕಾರಕ್ಕೂ ಸೆಗಣಿಯ ಬೆಲೆ ಗೊತ್ತಾಯಿತು. 1981-82ರಲ್ಲಿ ರಾಷ್ಟ್ರೀಯ ಯೋಜನೆ ಬಂತು. 1984ರಲ್ಲಿ ಡ್ರಮ್ಮಿಲ್ಲದ, ಪೂರ್ತಿ ಇಟ್ಟಿಗೆಯ 'ದೀನಬಂಧು' ಮಾದರಿ ಬಂತು. ದೇಶದಲ್ಲಿ ಈ ತನಕ ಕಟ್ಟಿದ ಮನೆಬಳಕೆಯ ಸ್ಥಾವರಗಳು ಸುಮಾರು 50 ಲಕ್ಷ. ಕಟ್ಟಿದ್ದರ ಲೆಕ್ಕ ಸರಕಾರದ ಬಳಿ ಇದೆ. ಉರಿಯುತ್ತಿರುವುದರ ಲೆಕ್ಕ ಬೇಕಾದರೆ ನನ್ನ ತರಗತಿಯಲ್ಲಿ ಮಾಡಿದಂತೆ ಕೈ ಎತ್ತಿಸಿಯೇ ನೋಡಬೇಕು.

ಗುಂಡಿಯೊಳಗೆ ನಡೆಯುವುದೇನು? ದೋಸೆಯ ಹಿಟ್ಟು ಹುಳಿ ಬರುವುದನ್ನು ಎಲ್ಲರೂ ನೋಡಿದ್ದಾರೆ. ಅದೇ ರೀತಿ ಗಾಳಿಯಿಲ್ಲದ ಗುಂಡಿಯಲ್ಲಿ ಒಂದು ಬಗೆಯ ಸೂಕ್ಷ್ಮಜೀವಿಗಳು ಸೆಗಣಿಯನ್ನೂ ಮುಸುರೆಯನ್ನೂ ಮೊದಲು ಹುಳಿ ಮಾಡುತ್ತವೆ. ಆ ಹುಳಿಯನ್ನು ತಿಂದು ಮೀಥೇನ್ ಬಿಡುವ ಜೀವಿಗಳು ಬೇರೆ. ಇವು ನಿಧಾನದವು, ಸೂಕ್ಷ್ಮ ಪ್ರಕೃತಿಯವು. ಮೊದಲನೆಯವು ಹುಳಿ ಮಾಡುವ ವೇಗಕ್ಕೆ ಎರಡನೆಯವು ತಿನ್ನುವ ವೇಗ ಸರಿಹೊಂದಿದರೆ ಗ್ಯಾಸ್ ಬರುತ್ತದೆ. ಹುಳಿ ಮುಂದೆ ಓಡಿದರೆ ಗ್ಯಾಸ್ ನಿಲ್ಲುತ್ತದೆ, ನಾತ ಮಾತ್ರ ಉಳಿಯುತ್ತದೆ. ಈ ಒಂದು ಸಂಗತಿ ತಿಳಿದರೆ ಗೋಬರ್ ಗ್ಯಾಸಿನ ಅರ್ಧ ವಿದ್ಯೆ ಕೈವಶವಾದಂತೆ. ಬರುವ ಅನಿಲದಲ್ಲಿ ನೂರಕ್ಕೆ 55ರಿಂದ 65 ಪಾಲು ಮೀಥೇನ್. ಉಳಿದದ್ದು ಬಹುಮಟ್ಟಿಗೆ ಇಂಗಾಲದ ಡೈ ಆಕ್ಸೈಡ್. ಕೊಳೆತ ಮೊಟ್ಟೆಯ ವಾಸನೆಗೆ ಕಾರಣವಾದ ಹೈಡ್ರೊಜನ್ ಸಲ್ಫೈಡ್ ಅತ್ಯಲ್ಪ.

ಲೆಕ್ಕವನ್ನೂ ನೋಡಿಬಿಡೋಣ. 25 ಕಿಲೋ ಹಸಿ ಸೆಗಣಿಗೆ ಅಷ್ಟೇ ನೀರು ಕಲಸಿ ದಿನಾ ಹಾಕಿದರೆ ದಿನಕ್ಕೆ ಸುಮಾರು ಒಂದು ಘನ ಮೀಟರ್ ಅನಿಲ ಸಿಗುತ್ತದೆ. ಇದು ಸುಮಾರು 430 ಗ್ರಾಂ ಸಿಲಿಂಡರ್ ಗ್ಯಾಸಿಗೆ ಸಮಾನ. ಅಂದರೆ 14.2 ಕಿಲೋದ ಒಂದು ಸಿಲಿಂಡರು ಮೂವತ್ತಮೂರು ದಿನಗಳಲ್ಲಿ ಹಟ್ಟಿಯಿಂದಲೇ ಹುಟ್ಟುತ್ತದೆ. ನಾಲ್ಕು ಮಂದಿಯ ಮನೆಗೆ ಬೇಕಾದದ್ದು ಹೆಚ್ಚು ಕಡಿಮೆ ಇಷ್ಟೇ. ದೊಡ್ಡ ಜಾತಿಯ ಎರಡು ದನಗಳಿದ್ದರೆ ಸಾಕು. ನಮ್ಮ ಕಾಸರಗೋಡು ಗಿಡ್ಡ ತಳಿಯ ದನಗಳಾದರೆ ಹೆಚ್ಚು ಬೇಕು. ಆ ಬಡ ಜೀವ ತಿನ್ನುವುದೂ ಕಡಿಮೆ, ಹಾಕುವುದೂ ಕಡಿಮೆ. ಗ್ಯಾಸ್ ಹೋದ ಮೇಲೆ ಹೊರಬರುವ ಸ್ಲರಿಯಲ್ಲಿ ಸೆಗಣಿಯ ಸಾರ ಹಾಗೆಯೇ ಉಳಿದಿರುತ್ತದೆ. ಬಯಲುಸೀಮೆಯವರು ಬೆರಣಿ ತಟ್ಟಿ ಸುಟ್ಟರೆ ಗೊಬ್ಬರ ಹೋಯಿತು. ಇಲ್ಲಿ ಉರಿಯೂ ಸಿಕ್ಕಿತು, ಅಡಿಕೆ ಮರದ ಬುಡಕ್ಕೆ ಗೊಬ್ಬರವೂ ಸಿಕ್ಕಿತು. ಈ ಮಾತು ನಮ್ಮ ಹಿರಿಯ ಕೃಷಿಕರಿಗೆ ನಾನು ಹೇಳಿಕೊಡಬೇಕಾದ್ದಿಲ್ಲ.

ಹಾಗಾದರೆ ಏಕೆ ಬಿಟ್ಟರು? ಕೆಲವು ಮನೆಗಳಿಗೆ ಹೋಗಿ ವಿಚಾರಿಸಿದೆ. "ಎಂತ ಮಾಡುವುದು ಮಾಸ್ಟ್ರೇ, ಹಟ್ಟಿಯಲ್ಲಿ ದನವೇ ಇಲ್ಲ" ಎಂದರು ಒಬ್ಬ ಹಿರಿಯರು. ಮಕ್ಕಳು ಮಂಗಳೂರು, ಬೆಂಗಳೂರು, ಗಲ್ಫ್ ಎಂದು ಚದುರಿದ್ದಾರೆ. ಮುದಿ ಜೀವಗಳೆರಡು ದನ ಸಾಕುವುದು ಹೇಗೆ? ಈ ಉತ್ತರಕ್ಕೆ ನನ್ನಲ್ಲಿ ಆಕ್ಷೇಪವಿಲ್ಲ. ಆದರೆ ಎರಡು ಮೂರು ದನ ಇದ್ದೂ ಗುಂಡಿ ನಿಂತುಹೋದ ಮನೆಗಳೇ ನನಗೆ ಹೆಚ್ಚು ಸಿಕ್ಕಿದವು. ಅಲ್ಲಿನ ಕಾರಣಗಳು ಬೇರೆ, ಮತ್ತು ಬಹುಪಾಲು ಸರಿಪಡಿಸಬಹುದಾದಂಥವು.

ಮೊದಲನೆಯದು ಸೊಪ್ಪು. ನಮ್ಮಲ್ಲಿ ಹಟ್ಟಿಗೆ ಸೊಪ್ಪು ಹಾಸುವ ಪದ್ಧತಿ. ಸೆಗಣಿಯ ಜೊತೆ ತರಗೆಲೆ, ಹುಲ್ಲು, ಕಡ್ಡಿ ಗುಂಡಿಗೆ ಹೋದರೆ ಅವು ಮೇಲಕ್ಕೆ ತೇಲಿ ಚಾಪೆಯಂತೆ ಗಟ್ಟಿ ಕೆನೆ ಕಟ್ಟುತ್ತವೆ. ಕೆಳಗೆ ಗ್ಯಾಸ್ ಹುಟ್ಟಿದರೂ ಮೇಲೆ ಬರಲಾರದು. ಸೊಪ್ಪಿನ ಹಟ್ಟಿಯ ಗೊಬ್ಬರ ಬೇರೆ, ಗ್ಯಾಸಿಗೆ ಹಾಕುವ ಸೆಗಣಿ ಬೇರೆ ಎಂದು ವಿಂಗಡಿಸದಿದ್ದರೆ ಯಾವ ಮಾದರಿಯೂ ಉಳಿಯದು. ಅಡಿಕೆ ಸಿಪ್ಪೆ, ತೆಂಗಿನ ನಾರು ಇವೂ ಗುಂಡಿಯಲ್ಲಿ ಜೀರ್ಣವಾಗುವ ವಸ್ತುಗಳಲ್ಲ; ಅವು ಬಚ್ಚಲ ಒಲೆಗೇ ಸರಿ.

ಎರಡನೆಯದು ಪೈಪಿನೊಳಗಿನ ನೀರು. ಇದನ್ನು ಕೇಳಿದರೆ ನಗು ಬರಬಹುದು. ಗ್ಯಾಸಿನೊಡನೆ ಬರುವ ತೇವಾಂಶ ಪೈಪಿನಲ್ಲಿ ತಣಿದು ನೀರಾಗಿ, ಬಾಗಿದ ಜಾಗದಲ್ಲಿ ನಿಂತು ದಾರಿ ಕಟ್ಟುತ್ತದೆ. ಮಳೆಗಾಲದಲ್ಲಿ ಇದು ಇನ್ನೂ ಹೆಚ್ಚು. ತಗ್ಗಿನಲ್ಲಿ ಇಟ್ಟಿರುವ ನೀರಿನ ತಿರುಪನ್ನು ವಾರಕ್ಕೊಮ್ಮೆ ಬಿಚ್ಚಿ ಸುರಿದರೆ ಸಾಕು. ಒಂದು ಮನೆಯಲ್ಲಿ ನಾಲ್ಕು ವರ್ಷದಿಂದ "ಗ್ಯಾಸ್ ಸತ್ತಿದೆ" ಎಂದು ಬಿಟ್ಟಿದ್ದರು. ಸೆಗಣಿ ಮಾತ್ರ ರೂಢಿಯಂತೆ ಹಾಕುತ್ತಲೇ ಇದ್ದರು, ಸ್ಲರಿ ಬೇಕಲ್ಲ! ತಿರುಪು ಬಿಚ್ಚಿದಾಗ ಒಂದು ತಂಬಿಗೆಯಷ್ಟು ನೀರು ಬಂತು, ಹಿಂದೆಯೇ ಗ್ಯಾಸ್ ಬಂತು. ನಾಲ್ಕು ವರ್ಷ ಆ ಮೀಥೇನ್ ಎಲ್ಲಿಗೆ ಹೋಯಿತು? ಹೊರಬಾಯಿಯಿಂದ ಆಕಾಶಕ್ಕೆ. ನೂರು ವರ್ಷಗಳ ಲೆಕ್ಕದಲ್ಲಿ ಮೀಥೇನ್ ಇಂಗಾಲದ ಡೈ ಆಕ್ಸೈಡಿಗಿಂತ ಸುಮಾರು 28 ಪಟ್ಟು ಹೆಚ್ಚು ಶಾಖವನ್ನು ಹಿಡಿದಿಡುತ್ತದೆ ಎಂದು ವಿಜ್ಞಾನಿಗಳು ಹೇಳುತ್ತಾರೆ. ನಿಂತುಹೋದ ಸ್ಥಾವರಕ್ಕೆ ಸೆಗಣಿ ಹಾಕುತ್ತ ಉರಿಸದೆ ಇರುವುದು ಹೀಗೆ ಎರಡು ಬಗೆಯ ನಷ್ಟ.

ಉಳಿದ ಕಾರಣಗಳು ಸಣ್ಣವು. ಹಟ್ಟಿ ತೊಳೆದ ಫಿನಾಯಿಲ್ ನೀರು ಗುಂಡಿಗೆ ಹೋದರೆ ಜೀವಿಗಳು ಸಾಯುತ್ತವೆ. ದನಕ್ಕೆ ಆಂಟಿಬಯೋಟಿಕ್ ಚುಚ್ಚಿದ ದಿನಗಳ ಸೆಗಣಿಯನ್ನು ದೂರ ಇಡಬೇಕು. ನಮ್ಮ ಮಳೆಗೆ ಕಬ್ಬಿಣದ ಡ್ರಮ್ಮು ಬಾಳುವುದಿಲ್ಲ. ಅದರ ಬದಲಿಗೆ ಫೈಬರ್ ಡ್ರಮ್ಮು ಬಂದು ಎಷ್ಟೋ ವರ್ಷವಾಯಿತು. ಸಿಲಿಂಡರಿನ ಒಲೆಗೆ ಈ ಗ್ಯಾಸನ್ನು ನೇರವಾಗಿ ಜೋಡಿಸಿ "ಉರಿ ಇಲ್ಲ" ಎಂದು ಬೈಯುವವರೂ ಇದ್ದಾರೆ. ಇದರ ಒತ್ತಡ ಕಡಿಮೆ, ರಂಧ್ರ ದೊಡ್ಡದು ಬೇಕು, ಒಲೆಯೇ ಬೇರೆ.

ಇನ್ನು ದನವಿಲ್ಲದ ಮನೆಗಳ ಮಾತು. ಸೆಗಣಿ ಎಂದರೆ ದನ ಒಮ್ಮೆ ಜೀರ್ಣಿಸಿ ಬಿಟ್ಟದ್ದು. ಅದರಲ್ಲಿ ಉಳಿದಿರುವ ಶಕ್ತಿ ಅಲ್ಪ. ಅನ್ನ, ಗಂಜಿ, ಹಲಸಿನ ರಚ್ಚೆ, ಕೊಳೆತ ಬಾಳೆಹಣ್ಣು ಇವುಗಳಲ್ಲಿ ಶಕ್ತಿ ಪೂರ್ತಿಯಾಗಿ ಇರುವುದರಿಂದ ಒಂದೊಂದು ಕಿಲೋಗೂ ಸೆಗಣಿಗಿಂತ ಎಷ್ಟೋ ಪಾಲು ಹೆಚ್ಚು ಗ್ಯಾಸ್ ಸಿಗುತ್ತದೆ. ಪುಣೆಯಲ್ಲಿ ಡಾ. ಆನಂದ ಕರ್ವೆಯವರ ಸಂಸ್ಥೆ ಈ ತತ್ತ್ವದ ಮೇಲೆಯೇ ನೀರಿನ ಟಾಂಕಿಗಳಿಂದ ಸಣ್ಣ ಸ್ಥಾವರ ಮಾಡಿತು. 2006ರಲ್ಲಿ ಅದಕ್ಕೆ ಇಂಗ್ಲೆಂಡಿನ ಆಶ್ಡೆನ್ ಪ್ರಶಸ್ತಿ ಬಂತು. ಮರುವರ್ಷ ಅದೇ ಪ್ರಶಸ್ತಿ ನಮ್ಮ ಕೇರಳದ್ದೇ ಆದ, ತಿರುವನಂತಪುರದ ಬಯೋಟೆಕ್ ಸಂಸ್ಥೆಗೆ ಬಂತು; ಅವರದೂ ಅಡುಗೆಮನೆಯ ಮತ್ತು ಮಾರುಕಟ್ಟೆಯ ತ್ಯಾಜ್ಯದ ಸ್ಥಾವರಗಳೇ. ರಬ್ಬರ್ ಹಾಳೆ ಮಾಡುವವರ ಮನೆಯಲ್ಲಿ ಹಾಲು ಹೆಪ್ಪುಗಟ್ಟಿದ ಮೇಲೆ ಉಳಿಯುವ ನಾರುವ ನೀರಿನಿಂದಲೂ ಗ್ಯಾಸ್ ಬರುತ್ತದೆ. ಕೊಟ್ಟಾಯಂನ ರಬ್ಬರ್ ಸಂಶೋಧನ ಸಂಸ್ಥೆ ಇದನ್ನು ತೋರಿಸಿಕೊಟ್ಟಿದೆ. ಜಿಲ್ಲೆಯ ಪೂರ್ವದ ಗುಡ್ಡಗಳಲ್ಲಿ ಆ ನೀರು ತೋಡು ಸೇರುವುದನ್ನು ನೋಡಿದವರಿಗೆ ಇದರ ಮಹತ್ವ ತಿಳಿದೀತು.

ಆದರೆ ಇಲ್ಲೊಂದು ಎಚ್ಚರ ಬೇಕು. ಮುಸುರೆ ಬೇಗ ಹುಳಿಯಾಗುವ ವಸ್ತು. ಮದುವೆ, ಪೂಜೆ, ನೇಮ ಮುಗಿದ ಮರುದಿನ ಉಳಿದ ಅನ್ನ ಸಾಂಬಾರನ್ನೆಲ್ಲ ಒಮ್ಮೆಲೇ ಸುರಿದರೆ ಗುಂಡಿಗೆ ಅಜೀರ್ಣ ಖಂಡಿತ. ಅಂಥ ಸಂದರ್ಭದಲ್ಲಿ ಕೆಲವು ದಿನ ಊಟ ನಿಲ್ಲಿಸಿ, ನೆರೆಮನೆಯಿಂದ ಒಂದೆರಡು ಬುಟ್ಟಿ ಸೆಗಣಿ ತಂದು ಕಲಸಿ ಹಾಕಿ ಕಾಯಬೇಕು. ನಿಂಬೆ, ಕಿತ್ತಳೆಯ ಸಿಪ್ಪೆ, ಮೊಟ್ಟೆಯ ಓಡು, ಎಲುಬು ಹಾಕಬಾರದು.

ಇನ್ನೊಂದು ಎಚ್ಚರಿಕೆಯನ್ನು ಹೇಳದೆ ಹೋದರೆ ಈ ಲೇಖನ ಬರೆದು ಪಾಪ ಕಟ್ಟಿಕೊಂಡಂತಾದೀತು. ಇದನ್ನು ಓದಿ ಯಾರಾದರೂ ಹುರುಪಿನಿಂದ ಹಳೆಯ ಗುಂಡಿಗೆ ಇಳಿಯುವುದು ಬೇಡ. ದೇಶದಲ್ಲಿ ಪ್ರತಿ ವರ್ಷವೂ ಇಂಥ ಗುಂಡಿಗಳಿಗೆ ಇಳಿದು ಸತ್ತವರ ಸುದ್ದಿ ಪತ್ರಿಕೆಗಳಲ್ಲಿ ಬರುತ್ತದೆ. ಒಬ್ಬ ಬಿದ್ದನೆಂದು ಎತ್ತಲು ಹೋದ ಇನ್ನೊಬ್ಬ, ಅವನ ಹಿಂದೆ ಮತ್ತೊಬ್ಬ, ಹೀಗೆ ಒಂದೇ ಮನೆಯವರು ಹೋದದ್ದುಂಟು. ಒಳಗೆ ಉಸಿರಾಡುವ ಗಾಳಿ ಇರುವುದಿಲ್ಲ. ಹೈಡ್ರೊಜನ್ ಸಲ್ಫೈಡ್ ಹೆಚ್ಚಾದರೆ ಮೂಗಿಗೆ ವಾಸನೆಯೇ ತಿಳಿಯದು. ದೀಪ ಇಳಿಸಿ ನೋಡುವ ಹಳೆಯ ಉಪಾಯವೂ ಇಲ್ಲಿ ಅಪಾಯ. ಗಾಳಿಯಲ್ಲಿ ನೂರಕ್ಕೆ 5ರಿಂದ 15 ಪಾಲು ಮೀಥೇನ್ ಬೆರೆತರೆ ಒಂದು ಕಿಡಿಗೆ ಸ್ಫೋಟವಾಗುತ್ತದೆ. ಗುಂಡಿ ಬರಿದು ಮಾಡುವುದಿದ್ದರೆ ಮೇಲಿನಿಂದ ಪಂಪು ಇಟ್ಟು ಎತ್ತಬೇಕು. ತಿಳಿದವರನ್ನು ಕರೆಸಬೇಕು.

ಈಗ ನನಗೆ ಹೆಚ್ಚು ನೋವಾಗುವ ವಿಷಯಕ್ಕೆ ಬರುತ್ತೇನೆ. ಮೇಲೆ ಹೇಳಿದ್ದರಲ್ಲಿ ಯಾವುದೂ ಗುಟ್ಟಲ್ಲ. ಎಲ್ಲವೂ ಸರಕಾರದ ಕರಪತ್ರಗಳಲ್ಲಿ ಇದೆ, ಆದರೆ ಮಲೆಯಾಳದಲ್ಲಿ. ಕೆಲವು ವರ್ಷಗಳ ಹಿಂದೆ ನಾನು ಒಬ್ಬ ವೃದ್ಧೆಯ ಪರವಾಗಿ ಒಂದು ಕಚೇರಿಗೆ ಹೋಗಿದ್ದೆ. ಆಕೆಗೆ ಕನ್ನಡ, ತುಳು ಬಿಟ್ಟು ಬೇರೆ ಬಾರದು. ಮುಸುರೆಯ ಸಣ್ಣ ಸ್ಥಾವರಕ್ಕೆ ಸಹಾಯಧನ ಇದೆಯೆಂದು ತಿಳಿದು ಅರ್ಜಿ ಹಾಕಿದ್ದರು. ಅರ್ಜಿ ತುಂಬಿಸಿದವರು ಬೇರೆ ಯಾರೋ. ಮುಂಗಡ ಕಟ್ಟಲು ಕೊನೆಯ ದಿನಾಂಕ ತಿಳಿಸಿ ಬಂದ ಕಾಗದವನ್ನು ಆಕೆ ದೇವರ ಪಟದ ಹಿಂದೆ ಜೋಪಾನವಾಗಿ ಇಟ್ಟಿದ್ದರು. ನನ್ನ ಕೈಗೆ ಅದು ಬಂದಾಗ ದಿನ ಕಳೆದು ಎರಡು ತಿಂಗಳಾಗಿತ್ತು. ಕಚೇರಿಯಲ್ಲಿ ಯಾರೂ ಕೆಟ್ಟದಾಗಿ ಮಾತನಾಡಲಿಲ್ಲ, ಕುಳ್ಳಿರಿಸಿ ನೀರೂ ಕೊಟ್ಟರು. "ಕನ್ನಡದಲ್ಲಿ ಕಳುಹಿಸಬೇಕೆಂದು ಯಾರೂ ಕೇಳಿಲ್ಲವಲ್ಲ" ಎಂಬುದೇ ಅವರ ಉತ್ತರ.

ಕೇಳಬೇಕಾಗಿತ್ತು ಎಂಬುದು ನಿಜ. ಕೇರಳ ಸರಕಾರ 1969ರ ಅಧಿಕೃತ ಭಾಷೆಗಳ ಕಾಯಿದೆಯಲ್ಲೇ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲಿ ಸರಕಾರದೊಡನೆ ಪತ್ರವ್ಯವಹಾರ ಮಾಡಬಹುದೆಂದೂ ಅದೇ ಭಾಷೆಯಲ್ಲಿ ಉತ್ತರ ಪಡೆಯಬಹುದೆಂದೂ ಬರೆದಿಟ್ಟಿತು. ನಾವು ಭಾಷೆಯ ಹಕ್ಕು ಎಂದ ಕೂಡಲೇ ಶಾಲೆ, ನೌಕರಿ, ಊರಿನ ಹೆಸರಿನ ಫಲಕ ಇಷ್ಟನ್ನೇ ನೆನೆಯುತ್ತೇವೆ. ಅವೆಲ್ಲ ಬೇಕಾದ್ದೇ. ಆದರೆ ಗ್ಯಾಸ್ ಗುಂಡಿಯ ತಿರುಪು ಎಲ್ಲಿದೆ, ಸಹಾಯಧನದ ಕೊನೆಯ ದಿನ ಯಾವುದು ಎಂಬುದೂ ಕನ್ನಡದಲ್ಲಿ ಬರಬೇಕೆಂದು ಒತ್ತಾಯಿಸುವುದು ಸಭೆಯ ಭಾಷಣದಷ್ಟೇ ಮುಖ್ಯವೆಂದು ನನ್ನ ಅಭಿಪ್ರಾಯ. ಕೇಂದ್ರದ ರಾಷ್ಟ್ರೀಯ ಜೈವಿಕ ಶಕ್ತಿ ಕಾರ್ಯಕ್ರಮ 2021-22ರಿಂದ 2025-26ರ ಅವಧಿಗೆ ಮನೆಬಳಕೆಯ ಸ್ಥಾವರಗಳಿಗೂ ನೆರವು ಇಟ್ಟಿತ್ತು. ನಮ್ಮ ಗಡಿಯ ಪಂಚಾಯತುಗಳಲ್ಲಿ ಎಷ್ಟು ಕನ್ನಡ ಮನೆಗಳು ಅದನ್ನು ಕೇಳಿಸಿಕೊಂಡವು?

ಕೆಲವು ಮಿತ್ರರು, "ಈಗ ದೊಡ್ಡ ದೊಡ್ಡ ಸ್ಥಾವರಗಳ ಕಾಲ, ನಿಮ್ಮ ಹಟ್ಟಿಯ ಗುಂಡಿ ಯಾರಿಗೆ ಬೇಕು?" ಎನ್ನುತ್ತಾರೆ. ದೊಡ್ಡವು ಬಂದಿವೆ, ಸಂತೋಷ. ಇಂದೋರಿನಲ್ಲಿ 2022ರ ಫೆಬ್ರವರಿಯಲ್ಲಿ ದಿನಕ್ಕೆ 550 ಟನ್ ಹಸಿ ತ್ಯಾಜ್ಯದಿಂದ ವಾಹನ ಓಡಿಸುವ ಗ್ಯಾಸ್ ಮಾಡುವ ಸ್ಥಾವರ ಶುರುವಾಯಿತು. 2023ರ ಮಾರ್ಚಿನಲ್ಲಿ ಕೊಚ್ಚಿಯ ಬ್ರಹ್ಮಪುರಂ ಕಸದ ರಾಶಿಗೆ ಬೆಂಕಿ ಬಿದ್ದು ಹತ್ತು ದಿನಕ್ಕೂ ಮೀರಿ ಊರಿಗೆ ಊರೇ ಹೊಗೆ ಕುಡಿಯಿತು. ಅದಾದ ಮೇಲೆ ಅಲ್ಲಿಯೂ ದಿನಕ್ಕೆ 150 ಟನ್ನಿನ ಗ್ಯಾಸ್ ಸ್ಥಾವರವನ್ನು ಕೈಗೆತ್ತಿಕೊಂಡರು. ಪಟ್ಟಣಕ್ಕೆ ಅದು ಸರಿ. ಆದರೆ ನಮ್ಮಲ್ಲಿ ಮನೆಯಿಂದ ಮನೆಗೆ ಒಂದು ತೋಟ, ಒಂದು ಗುಡ್ಡ, ಒಂದು ಸಂಕ ದಾಟಬೇಕು. ನೀರೇ ಮುಕ್ಕಾಲು ಪಾಲಿರುವ ಮುಸುರೆಯನ್ನು ಜೀಪಿನಲ್ಲಿ ಹೊರುವುದೆಂದರೆ ಗ್ಯಾಸ್ ಉಳಿಸಲು ಡೀಸೆಲ್ ಸುಟ್ಟಂತೆ. ಹರಿತ ಕರ್ಮ ಸೇನೆಯ ಹೆಂಗಸರು ಮನೆಮನೆಯಿಂದ ಪ್ಲಾಸ್ಟಿಕ್ ಒಯ್ಯುತ್ತಾರೆ. ಹಸಿ ಕಸವನ್ನು ಮನೆಯಲ್ಲೇ ನಿಭಾಯಿಸಬೇಕೆಂಬುದು ಸರಕಾರದ ನೀತಿಯೂ ಹೌದು.

ಮನೆಮನೆಗೆ ಆಗದಿದ್ದರೆ ನಾಲ್ಕಾರು ಮನೆ ಸೇರಿ ಮಾಡಬಹುದೇ? ಇದಕ್ಕೆ ಗಡಿಯಾಚೆಯ ಒಂದು ಅನುಭವವನ್ನು ನೆನೆಯಬಹುದು. ತುಮಕೂರು ಜಿಲ್ಲೆ ಕುಣಿಗಲ್ ತಾಲೂಕಿನ ಪುರ ಎಂಬ ಹಳ್ಳಿಯಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಮೂಲ್ಯ ರೆಡ್ಡಿಯವರು ಮತ್ತು ಅವರ 'ಅಸ್ತ್ರ' ತಂಡ ಸಮುದಾಯ ಸ್ಥಾವರ ಕಟ್ಟಿದರು. ಮೊದಲು ಎಲ್ಲರ ಅಡುಗೆಗೆ ಗ್ಯಾಸ್ ಕೊಡಬೇಕೆಂದಿತ್ತು. ಇಡೀ ಊರಿನ ಒಲೆಗೆ ಸಾಲುವಷ್ಟು ಸೆಗಣಿಯೇ ಸಿಗಲಿಲ್ಲ, ಪ್ರಯತ್ನ ಬಿದ್ದುಹೋಯಿತು. ಅವರು ಅಷ್ಟಕ್ಕೇ ಕೈಚೆಲ್ಲಲಿಲ್ಲ. ಹಳ್ಳಿಯವರನ್ನೇ ಕೇಳಿ, 1987ರಿಂದ ಅದೇ ಗ್ಯಾಸಿನಲ್ಲಿ ಎಂಜಿನ್ ಓಡಿಸಿ ಕೊಳವೆಬಾವಿಯ ನೀರನ್ನು ನಲ್ಲಿಗೆ ಏರಿಸಿದರು, ಮನೆಗೆ ದೀಪ ಕೊಟ್ಟರು. ಸೆಗಣಿ ತಂದವರಿಗೆ ತೂಕಕ್ಕೆ ಸರಿಯಾಗಿ ಸ್ವಲ್ಪ ಹಣ, ಅವರ ಪಾಲಿನ ಸ್ಲರಿ ವಾಪಸು. ದೂರದಿಂದ ನೀರು ಹೊರುವ ಕಷ್ಟ ತಪ್ಪಿದ್ದರಿಂದ ಜನ ಸೆಗಣಿ ತಂದರು. ಅದು ಅನೇಕ ವರ್ಷ ನಡೆಯಿತು. ಯಾವುದು ಬೇಕೆಂದು ಮೊದಲು ಜನರನ್ನು ಕೇಳಿದ್ದರೆ ಅಷ್ಟು ಕಾಲ ಉಳಿಯುತ್ತಿತ್ತೇನೋ ಎಂದು ನನಗೆ ಅನ್ನಿಸುವುದುಂಟು.

ನಮ್ಮ ಶಾಲೆಗಳಿಂದಲೇ ಇದನ್ನು ಏಕೆ ಆರಂಭಿಸಬಾರದು? ಎಂಟನೆಯ ತರಗತಿಯ ವರೆಗೆ ಮಧ್ಯಾಹ್ನದ ಊಟ ಇದೆ. ಅಕ್ಕಿ ತೊಳೆದ ನೀರು, ತಿಳಿ, ಎಲೆಯಲ್ಲಿ ಉಳಿದ ಅನ್ನ, ತರಕಾರಿ ಸಿಪ್ಪೆ ಪ್ರತಿ ದಿನವೂ ಒಂದೇ ಪ್ರಮಾಣದಲ್ಲಿ ಬೀಳುತ್ತದೆ. ಗುಂಡಿಗೆ ಬೇಕಾದದ್ದೂ ಇಂಥ ಮಿತಾಹಾರವೇ. ರಜೆಯ ದಿನಗಳಿಗೆ ಪಕ್ಕದ ಮನೆಯ ಒಂದು ಬುಟ್ಟಿ ಸೆಗಣಿ ಸಾಕು. ಮಕ್ಕಳು ಹಾಕಿದ್ದನ್ನು ತೂಗಲಿ, ಉರಿದ ಹೊತ್ತನ್ನು ಗಡಿಯಾರ ನೋಡಿ ಬರೆಯಲಿ, ಹುಳಿಯಾದಾಗ ಲಿಟ್ಮಸ್ ಕಾಗದ ಅದ್ದಿ ನೋಡಲಿ. ಮೀಥೇನಿನ ಸೂತ್ರವನ್ನು ಕಪ್ಪುಹಲಗೆಯಲ್ಲಿ ಹತ್ತು ಸಲ ಬರೆಯಿಸುವುದಕ್ಕಿಂತ ಅದು ಮೇಲು. ಪಂಚಾಯತು ಒಂದು ಟಾಂಕಿಯ ಸ್ಥಾವರ ಕೊಟ್ಟರೆ ಉಳಿದದ್ದನ್ನು ಮಾಸ್ತರರೂ ಮಕ್ಕಳ ಹೆತ್ತವರೂ ನೋಡಿಕೊಂಡಾರು.

ಅದು ಬರುವ ತನಕ ಸುಮ್ಮನಿರುವುದು ಬೇಡವೆಂದು ಒಂದು ಕೆಲಸ ಮಾಡಿದ್ದೇವೆ. ಗುಂಡಿಗೆ ಏನು ಹಾಕಬೇಕು, ಏನು ಹಾಕಬಾರದು, ಪೈಪಿನ ನೀರನ್ನು ಹೇಗೆ ತೆಗೆಯಬೇಕು, ಏಕೆ ಒಳಗೆ ಇಳಿಯಬಾರದು ಎಂಬುದನ್ನು ಎರಡು ಪುಟಗಳಲ್ಲಿ ಕನ್ನಡದಲ್ಲಿ ಬರೆದು ಪ್ರತಿ ಮಾಡಿಸಿದ್ದೇವೆ. ಚಿತ್ರ ಬರೆದವಳು ಮೊದಲು ಪ್ರಶ್ನೆ ಕೇಳಿದ ಆ ಹುಡುಗಿಯೇ. ಕೈ ಕೆಳಗಿಳಿಸಿದ ಎಂಟು ಮಕ್ಕಳು ಮೊದಲ ಪ್ರತಿಗಳನ್ನು ಮನೆಗೆ ಒಯ್ದರು. ಅದರಲ್ಲಿ ಎರಡು ಮನೆಗಳ ಗ್ಯಾಸ್ ಮತ್ತೆ ಉರಿಯತೊಡಗಿದೆ. ಮೂರನೆಯ ಮನೆಯವರು ಹೊಸ ಡ್ರಮ್ಮಿನ ಕ್ರಯ ವಿಚಾರಿಸುತ್ತಿದ್ದಾರೆ. ಉಳಿದ ಪ್ರತಿಗಳು ಶಾಲೆಯಲ್ಲಿವೆ, ಬೇಕಾದವರು ಮಕ್ಕಳ ಬಳಿ ಹೇಳಿ ಕಳುಹಿಸಿದರೆ ಸಾಕು.